ಗೆರೆ ಮೇಸ್ತ್ರಿಯ ಮೊದಲ ಬಂದೂಕು

ಗೋಡೆಯ ಬಣ್ಣವೂ ಚಾವಣಿಯ ಬಣ್ಣವೂ ಸೇರುವ ಕಡೆ ಟೇಪ್ ಅಂಟಿಸದೆ, ಬರೀ ಬ್ರಷ್ ಹಿಡಿದು ನೂಲು ಹಿಡಿದಂತೆ ನೇರ ಗೆರೆ ಎಳೆಯುವವರು ಆ ಊರಿನಲ್ಲಿ ಒಬ್ಬರೇ ಇದ್ದರು. ಬಣ್ಣದ ಕೆಲಸದವರೆಲ್ಲ ಅವರನ್ನು ಗೆರೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಏಣಿ ಹತ್ತಿ ಇಳಿದಿದ್ದ ಮೇಸ್ತ್ರಿ, ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಕೊನೆಯ ಮೂರು ಮೆಟ್ಟಿಲು ಬಾಕಿ ಇರುವಾಗ ಕಾಲು ಜಾರಿ ಬಿದ್ದರು. ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ತೊಡೆಯವರೆಗೆ ಪ್ಲಾಸ್ಟರ್ ಹಾಕಿದ ಡಾಕ್ಟರು, ಮೂರು ತಿಂಗಳು ಆ ಕಾಲನ್ನು ನೆಲಕ್ಕೆ ಊರುವ ಹಾಗಿಲ್ಲ ಎಂದರು.

ಮೊದಲ ಎರಡು ವಾರ ನೋಡಲು ಬರುವವರ ಸಾಲೇ ಇತ್ತು. ಆಮೇಲೆ ಅವರವರ ಪಾಡು ಅವರವರಿಗೆ. ಹೆಂಡತಿ ಶಾಲೆಯ ಗ್ರಂಥಾಲಯದ ಕೆಲಸಕ್ಕೆ, ಮಗಳು ಕನ್ನಡಕದ ಅಂಗಡಿಗೆ ಹೊರಟುಹೋದರೆ ಮುಂದಿನ ಕೋಣೆಯಲ್ಲಿ ಮಂಚ, ಮೇಸ್ತ್ರಿ ಮತ್ತು ನಾಲ್ಕು ಗೋಡೆ. ತಾವೇ ಬಳಿದ ಆ ಗೋಡೆಗಳಲ್ಲಿ ಅವರು ದಿನಕ್ಕೊಂದು ತಪ್ಪು ಕಂಡುಹಿಡಿದರು. ಮಾತು ಕಡಿಮೆಯಾಯಿತು. ಹೆಂಡತಿ ಏನು ಕೇಳಿದರೂ ಹೂಂ, ಊಹೂಂ ಅಷ್ಟೆ. ಮತ್ತೆ ಏಣಿ ಹತ್ತುತ್ತೇನೋ ಇಲ್ಲವೋ ಎಂಬ ಹೆದರಿಕೆಯನ್ನು ಅವರು ಯಾರ ಮುಂದೆಯೂ ಆಡಲಿಲ್ಲ.

ಮಗಳ ಕಂಪ್ಯೂಟರ್ ಅದೇ ಕೋಣೆಯ ಮೂಲೆಯಲ್ಲಿತ್ತು. ನಾಲ್ಕಕ್ಕೆ ಮನೆಗೆ ಬಂದು, ಕೈಕಾಲು ತೊಳೆದು, ಕಿವಿಗೆ ಹೆಡ್‌ಫೋನ್ ಏರಿಸಿ ಕುಳಿತರೆ ಆರರವರೆಗೆ ಅವಳು ಗೆಳೆಯರ ಜೊತೆ ಗುಂಡು ಹಾರಿಸುವ ಆಟದಲ್ಲಿ ಮುಳುಗಿರುತ್ತಿದ್ದಳು. ಇಪ್ಪತ್ಮೂರರ ಹುಡುಗಿಗೆ ಇದೆಂಥ ಹುಚ್ಚು ಎಂದು ಮೇಸ್ತ್ರಿ ಎಷ್ಟೋ ಸಲ ಗೊಣಗಿದ್ದರು. ಅಪ್ಪ ಮಗಳ ನಡುವೆ ಜಗಳವೇನೂ ಇರಲಿಲ್ಲ, ಮಾತೂ ಇರಲಿಲ್ಲ. ಊಟ ಆಯ್ತಾ, ಆಯ್ತು. ಬಾಗಿಲು ಹಾಕಿದ್ಯಾ, ಹಾಕಿದೆ. ಅಲ್ಲಿಗೆ ಮುಗಿಯುತ್ತಿತ್ತು.

ಅವರದು ನಾಲ್ವರ ತಂಡ. ನಾಲ್ಕನೆಯವಳಿಗೆ ಬೇರೆ ಊರಿಗೆ ವರ್ಗವಾಗಿ ಆಟ ಬಿಟ್ಟುಹೋಯಿತು. ಐದು ವಾರದಲ್ಲಿ ಯುವಕ ಸಂಘದ ಹಾಲ್‌ನಲ್ಲಿ ಸ್ಪರ್ಧೆ. ನಾಲ್ವರಿಲ್ಲದೆ ಹೆಸರು ಕೊಡುವಂತಿಲ್ಲ. ಕೇಳಿದವರೆಲ್ಲ ಆಗಲ್ಲ ಎಂದ ಮೇಲೆ ಮಗಳು ಒಂದು ಸಂಜೆ ಮಂಚದ ಕಡೆ ತಿರುಗಿದಳು.

"ಅಪ್ಪ, ಹೇಗೂ ಮಲಗೇ ಇರ್ತೀಯಲ್ಲ. ನಾಲ್ಕನೇ ಆಳಾಗಿ ಕೂತ್ಕೋತೀಯಾ? ತಲೆ ಎಣಿಕೆಗಾದ್ರೂ ಆಗುತ್ತೆ."

ಮೇಸ್ತ್ರಿಗೆ ನಗು ಬಂತು. ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಆಗಲಿ ಎಂದರು.

ತಂಡದ ಇನ್ನೊಬ್ಬಳು ದಂತವೈದ್ಯರ ಬಳಿ ಸಹಾಯಕಿ. ಅವಳು ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟಳು. ಇಸ್ತ್ರಿ ಹಲಗೆಯನ್ನು ಮಂಚಕ್ಕೆ ಅಡ್ಡಲಾಗಿ ಎಳೆದು ಮೇಜು ಮಾಡಿದರು. ಹೊಸಬರಿಗೆ ಆ ಆಟದಲ್ಲಿ ಸಿಗುವುದು ಒಂದೇ ರೈಫಲ್. ಮೂವತ್ತು ಗುಂಡು, ಮಣ್ಣಿನ ಬಣ್ಣ, ಅಲಂಕಾರ ಏನೇನೂ ಇಲ್ಲ. ಬೇರೆಯವರ ಕೈಯಲ್ಲಿ ದೂರದರ್ಶಕ ಹಾಕಿದ, ಬಣ್ಣ ಬಳಿದ ಭಾರಿ ಬಂದೂಕುಗಳಿದ್ದವು. ತನಗೂ ಒಂದು ಒಳ್ಳೆಯದು ಕೊಡಿಸು ಎಂದು ಮೇಸ್ತ್ರಿ ಕೇಳಿದರು.

"ಆಡ್ತಾ ಆಡ್ತಾ ತಾನೇ ಸಿಗುತ್ತೆ. ಈಗ ಇದನ್ನೇ ಪಳಗಿಸ್ಕೋ. ಇದು ಕೆಟ್ಟ ಗನ್ ಅಲ್ಲಪ್ಪ, ಜನ ಇದರ ಜೊತೆ ಇರಲ್ಲ ಅಷ್ಟೆ" ಎಂದಳು ಮಗಳು.

ಮೊದಲ ವಾರ ಅವರ ಪಾಡು ಹೇಳತೀರದು. ಎದುರಾಳಿ ಕಂಡೊಡನೆ ಗುಂಡಿ ಒತ್ತಿ ಹಿಡಿದುಬಿಡುತ್ತಿದ್ದರು. ಮೂವತ್ತೂ ಗುಂಡು ಆಕಾಶಕ್ಕೆ. ಓಡುತ್ತಲೇ ಹೊಡೆಯುತ್ತಿದ್ದರು. ನಾಲ್ಕು ಗುಂಡು ಖರ್ಚಾದರೆ ಸಾಕು, ಬಟ್ಟಬಯಲಲ್ಲೇ ನಿಂತು ಹೊಸದಾಗಿ ತುಂಬಿಸಿಕೊಳ್ಳುತ್ತಿದ್ದರು, ಅಷ್ಟರಲ್ಲಿ ಯಾರಾದರೂ ಬಂದು ಕಥೆ ಮುಗಿಸುತ್ತಿದ್ದರು. ಗ್ರಂಥಾಲಯದಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತು, "ಇವತ್ತು ಎಷ್ಟು ಸಲ ಸತ್ರಿ?" ಎಂದು ವಿಚಾರಿಸಿಕೊಂಡು ಒಳಗೆ ಹೋಗುತ್ತಿದ್ದರು.

ತಂಡದ ಮೂರನೆಯವನು ಕೊರಿಯರ್ ಹಂಚುವ ಹುಡುಗ. ಒಂದು ದಿನ ಆ ಕೊರಿಯರ್‌ನವನು, ಮೇಸ್ತ್ರಿ ಹೆಡ್‌ಫೋನ್ ತೆಗೆದಿದ್ದಾರೆ ಎಂದುಕೊಂಡು, ಅಂಕಲ್‌ನ ಕಟ್ಟಿಕೊಂಡು ಹೋದರೆ ಮೊದಲ ಆಟಕ್ಕೇ ಮನೆಗೆ ಬರುತ್ತೇವೆ ಎಂದ. ಮೇಸ್ತ್ರಿ ಕೇಳಿಸಿಕೊಂಡರು. ಮಗಳು ದನಿಯೇರಿಸದೆ ಹೇಳಿದಳು:

"ಅಪ್ಪ ಆಡ್ತಾರೆ. ಬೇಕಿದ್ರೆ ನನ್ನನ್ನ ಬಿಡಿ."

ಮೇಸ್ತ್ರಿ ಗೋಡೆಯ ಕಡೆ ಮಗ್ಗುಲಾದರು.

ಮರುದಿನ ಮನೆ ಖಾಲಿಯಾದ ಮೇಲೆ ಅವರು ಒಬ್ಬರೇ ಆಟದೊಳಗಿನ ಅಭ್ಯಾಸದ ಅಂಗಳ ತೆರೆದರು. ಅಲ್ಲಿ ಶತ್ರುಗಳಿಲ್ಲ, ಒಂದು ಬೋಳು ಗೋಡೆ ಇತ್ತು. ಒಂದೇ ಗುರಿ ಹಿಡಿದು, ಕೈ ಅಲ್ಲಾಡಿಸದೆ ಮೂವತ್ತೂ ಗುಂಡು ಹಾರಿಸಿದರು. ಗೋಡೆಯ ಮೇಲೆ ಗುರುತುಗಳು ಮೂಡಿದವು. ಇನ್ನೊಮ್ಮೆ ಹಾರಿಸಿದರು, ಮತ್ತೊಮ್ಮೆ ಹಾರಿಸಿದರು. ಗೋಡೆಯ ಮೇಲಿನ ಗುರುತು ಓದುವುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮೊದಲ ಮೂರು ಗುಂಡು ಹೆಚ್ಚುಕಡಿಮೆ ಒಂದೇ ಕಡೆ. ಎಂಟರವರೆಗೆ ನೆಟ್ಟಗೆ ಮೇಲಕ್ಕೆ. ಆಮೇಲೆ ಬಲಕ್ಕೆ ಬಾಗು. ಪ್ರತಿ ಸಲವೂ ಅಷ್ಟೇ. ಕಾಗದ ಕೈಗೆ ಸಿಗದೆ ಆ ಗೆರೆಯನ್ನು ಪೆನ್ಸಿಲ್‌ನಿಂದ ತಮ್ಮ ಪ್ಲಾಸ್ಟರ್ ಮೇಲೇ ಬರೆದುಕೊಂಡರು.

ಸಂಜೆ ಮಗಳು ಅದನ್ನು ನೋಡಿ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಸವರಿದಳು. "ಇದೆಲ್ಲ ನೀನೇ ಕಂಡುಹಿಡಿದ್ಯಾ?" ಎಂದಳು. ಆಮೇಲೆ ಕುರ್ಚಿಯನ್ನು ಮಂಚದ ಬಳಿಗೆ ಎಳೆದುಕೊಂಡು ಒಂದೂವರೆ ಗಂಟೆ ಮಾತಾಡಿದಳು. ಬಂದೂಕು ಮೇಲಕ್ಕೆ ಹೋಗುವಷ್ಟೇ ಮೌಸನ್ನು ಕೆಳಕ್ಕೆ ಎಳೆಯಬೇಕು. ದೂರದವನಿಗೆ ಮೂರು ಗುಂಡು, ಒಂದು ಉಸಿರು, ಮತ್ತೆ ಮೂರು. ಹತ್ತಿರ ಬಂದವನಿಗೆ ಮಾತ್ರ ಒತ್ತಿ ಹಿಡಿಯಬೇಕು. ನಡೆಯುವಾಗ ಗುರಿ ನೆಲದ ಮೇಲಿರಬಾರದು, ಎದುರಾಳಿಯ ತಲೆ ಬರುವ ಎತ್ತರದಲ್ಲೇ ಇರಬೇಕು. ತೀರಾ ದೂರದಿಂದ ಹೊಂಚು ಹಾಕುವವನ ಜೊತೆ ಈ ರೈಫಲ್ ಹಿಡಿದು ಹಟಕ್ಕೆ ಬೀಳಬಾರದು, ಸುತ್ತು ಬಳಸಿ ಹೋಗಬೇಕು. ಇಪ್ಪತ್ತು ಗುಂಡು ಉಳಿದಿದ್ದರೆ ತುಂಬಿಸುವ ಮಾತೇ ಬೇಡ.

ಕೆಲಸ ಕಲಿಯಲು ಬಂದವರಿಗೆ ತಾವು ಎಂದೂ ಇಷ್ಟು ತಾಳ್ಮೆಯಿಂದ ಹೇಳಿಕೊಟ್ಟಿರಲಿಲ್ಲ ಎಂದು ಮೇಸ್ತ್ರಿಗೆ ಅನಿಸಿತು. ಆಟದಲ್ಲಿ ತಂಡವನ್ನು ನಡೆಸುವವಳೂ ಇವಳೇ. ಗುಂಡಿನ ಸದ್ದಿನ ನಡುವೆ ಅವಳ ದನಿ ನೀರು ಹರಿದ ಹಾಗೆ ಬರುತ್ತಿತ್ತು: ನೀನು ಮೆಟ್ಟಿಲು ನೋಡ್ಕೋ, ಅಪ್ಪ ನನ್ನ ಹಿಂದೆ ಬಾ, ಈಗ ನಿಲ್ಲಿ. ಮನೆಯಲ್ಲಿ ಹುಡುಕಿದರೂ ಸಿಗದ ಈ ಮಗಳು ಇಷ್ಟು ದಿನ ಇದೇ ಕೋಣೆಯ ಮೂಲೆಯಲ್ಲಿದ್ದಳು.

ರೈಫಲ್ ಬಳಸಿದಷ್ಟೂ ಅದರ ಬಿಡಿಭಾಗಗಳು ಒಂದೊಂದಾಗಿ ಸಿಕ್ಕವು. ಮೊದಲು ಮುಂದಿನ ಹಿಡಿಕೆ ಬಂತು, ಬಂದೂಕಿನ ಕುಣಿತ ತಗ್ಗಿತು. ಆಮೇಲೆ ಕೆಂಪು ಚುಕ್ಕೆಯ ಗುರಿಗಾಜು. ನಾಲ್ಕನೆಯ ವಾರ ಬೇರೆ ಬಂದೂಕುಗಳೂ ತೆರೆದುಕೊಂಡವು. ಮೇಸ್ತ್ರಿ ಒಂದೆರಡನ್ನು ಕೈಗೆತ್ತಿ ನೋಡಿ ವಾಪಸು ಇಟ್ಟರು. ಕೈ ಕೂತದ್ದು ಇದರ ಮೇಲೆ, ಇದೇ ಇರಲಿ ಎಂದರು.

ಸ್ಪರ್ಧೆಯ ಭಾನುವಾರ ಊರುಗೋಲು ಹಿಡಿದು ಹಾಲ್‌ಗೆ ಹೋದರು. ಹದಿನಾರು ತಂಡ. ಕಾಲಿಟ್ಟುಕೊಳ್ಳಲು ಸ್ಟೂಲ್ ಕೇಳಿದ ಆಟಗಾರ ಇವರೊಬ್ಬರೇ. ಮೊದಲ ಆಟ ಗೆದ್ದರು. ಎರಡನೆಯದರಲ್ಲಿ ಸಮಸಮವಾಗಿ ಬಂದು, ಕೊನೆಯ ಸುತ್ತಿನಲ್ಲಿ ಮೂವರೂ ಬಿದ್ದು ಮೇಸ್ತ್ರಿ ಒಬ್ಬರೇ ಉಳಿದರು. ಎದುರಿಗೆ ಇಬ್ಬರು. ಬಂದೂಕಿನಲ್ಲಿ ಇಪ್ಪತ್ತೆರಡು ಗುಂಡು. ಬೆರಳು ಅಭ್ಯಾಸಬಲದಿಂದ ತುಂಬಿಸುವ ಗುಂಡಿಯ ಕಡೆ ಹೋಗಿ, ಹಾಗೇ ಹಿಂದೆ ಬಂತು.

"ಅಪ್ಪ, ಅವಸರ ಇಲ್ಲ. ಒಬ್ಬ ಕಂಬದ ಹಿಂದೆ ಇದಾನೆ, ಇನ್ನೊಬ್ಬ ಕಿಟಕಿ ಹತ್ರ" ಎಂದಳು ಮಗಳು.

ಮೇಸ್ತ್ರಿ ಗೋಡೆಯ ಮರೆಯಲ್ಲೇ ಕಾದರು. ಕಂಬದ ಪಕ್ಕ ತಲೆ ಇಣುಕಿತು. ಮೂರು ಗುಂಡು, ಉಸಿರು, ಮೂರು ಗುಂಡು. ಅವನು ಬಿದ್ದ. ಕಿಟಕಿಯವನು ಹಾರಿ ನೇರ ಮೇಲೇ ಬಂದ. ಈಗ ಒತ್ತಿ ಹಿಡಿದರು. ಮೇಲಕ್ಕೆ ಏರಲು ಹೊರಟ ಬಂದೂಕನ್ನು ಮಣಿಕಟ್ಟು ತಾನೇ ತಾನಾಗಿ ಕೆಳಗೆ ಎಳೆಯಿತು, ಕೊನೆಯಲ್ಲಿ ಕೊಂಚ ಎಡಕ್ಕೆ. ಪರದೆಯ ಮೇಲೆ ಗೆದ್ದಿರಿ ಎಂದು ಬಂದದ್ದು ಅವರಿಗೆ ಕಾಣಲೇ ಇಲ್ಲ. ಮಗಳು ಅವರ ಭುಜಕ್ಕೆ ಹಣೆ ಒತ್ತಿ ನಗುತ್ತಿದ್ದಳು.

ಮೂರನೆಯ ಆಟದಲ್ಲಿ ಸರಿಯಾಗಿಯೇ ಸೋತರು. ಆ ತಂಡದವರು ಅಷ್ಟು ಚೆನ್ನಾಗಿ ಆಡಿದರು. ಹೊರಗೆ ಕೊರಿಯರ್‌ನವನು ಮೇಸ್ತ್ರಿಯ ಊರುಗೋಲು ಹಿಡಿದುಕೊಂಡು, ಅವರು ಆಟೋ ಹತ್ತುವ ತನಕ ನಿಂತ. "ಅಂಕಲ್, ಆ ದಿನ ಏನೋ ಅಂದುಬಿಟ್ಟೆ. ಗೋಡೆ ನೋಡಿ ಕಲಿಯೋದು ನನಗೂ ಹೇಳಿಕೊಡಿ" ಎಂದ. ಬುಧವಾರ ಬಾ ಎಂದರು ಮೇಸ್ತ್ರಿ.

ಪ್ಲಾಸ್ಟರ್ ತೆಗೆದು ಒಂದೂವರೆ ತಿಂಗಳಾದ ಮೇಲೆ, ಅವರಿಗೆ ಕೆಲಸ ಕೊಡುತ್ತಿದ್ದ ಕಂಟ್ರಾಕ್ಟರು ಮನೆಗೆ ಬಂದರು. ಸದ್ಯ ಏಣಿ ಬೇಡ, ಕೆಳಗಿನ ಬಾಗಿಲು ಕಿಟಕಿಗಳ ಕೆಲಸವಿದೆ, ಸೋಮವಾರದಿಂದ ಆಗುತ್ತಾ ಎಂದು ಕೇಳಿದರು. ಮೇಸ್ತ್ರಿ ಎದ್ದು ಕೋಣೆಯ ಉದ್ದಕ್ಕೆ ನಡೆದು ತೋರಿಸಿದರು, ಸ್ವಲ್ಪ ಕುಂಟಿದರೂ ನಿಲ್ಲಲಿಲ್ಲ. ಏಣಿಯ ಮಾತು ಮುಂದಿನ ತಿಂಗಳು ನೋಡೋಣ, ಹತ್ತದೆ ಇರುವವನಲ್ಲ ನಾನು ಎಂದರು.

"ಒಂದೇ ಮಾತು. ಪ್ರತಿ ಬುಧವಾರ ನಾಲ್ಕಕ್ಕೆ ನನ್ನ ಬಿಟ್ಬಿಡಬೇಕು."

ಅಂಥದ್ದೇನು ಕೆಲಸ ಎಂದು ಕಂಟ್ರಾಕ್ಟರು ಕೇಳಿದರು. ಕಾಫಿ ತಂದ ಹೆಂಡತಿ ಲೋಟ ಮುಂದಿಡುತ್ತಾ, ಮನೆಯಲ್ಲಿ ಇವರಿಗೊಬ್ಬ ಲೀಡರ್ ಇದ್ದಾಳೆ, ತಡವಾದರೆ ಬಿಡುವುದಿಲ್ಲ ಎಂದರು.