ಕೂತರೆ ಕುಸಿಯುವ ಸೈಕಲ್ಲು

ಸ್ವಲ್ಪ ತಡೆಯಿರಿ. ಸೈಕಲ್ ವಿಷಯ ಅಂತ ಪುಟ ತಿರುಗಿಸಬೇಡಿ. ಕಳೆದ ಭಾನುವಾರ ಕಮಲಾಪುರದ ಕಲ್ಲುದಾರಿಯಲ್ಲಿ ಒಂದು ಒಳ್ಳೆಯ ಸೈಕಲ್ಲನ್ನು ನಾನು ಪರೀಕ್ಷೆ ಮಾಡಿ, ಫೇಲ್ ಮಾಡಿ, ಟೆಂಪೋ ಹತ್ತಿ ಮನೆಗೆ ಹೊರಟಾಗಿತ್ತು. ಆ ಟೆಂಪೋ ಕುಣಿಯದೇ ಹೋಗಿದ್ದರೆ ಈ ಹೊತ್ತಿಗೆ ನಾನು ಸೈಕಲ್ ಬಿಟ್ಟವಳು.

ಬಿಡುವುದು ಅಂದರೆ ಪೂರ್ತಿ ಬಿಡುವುದೇ. ಹೋದ ವರ್ಷ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಮೂಳೆ ಕೂಡಿತು, ನೋವು ಉಳಿಯಿತು. ಡಾಕ್ಟರ್ ಹೇಳಿದ್ದು ಇಷ್ಟೇ: "ಸೈಕಲ್ ಹೊಡೀಬ್ಯಾಡ ಅನ್ನಂಗಿಲ್ಲ. ಆದ್ರ ಕೈಗೆ ಕುಲುಕು ಬೀಳಬಾರ್ದು ನೋಡವ್ವ."

ಕುಲುಕು ಇಲ್ಲದ ಕಲ್ಲುದಾರಿ ಯಾವ ಊರಲ್ಲಿದೆ?

ಹಾಗಾಗಿ ನನಗೆ ಮುಂದೆಯೂ ಹಿಂದೆಯೂ ಕುಲುಕು ನುಂಗುವ ಶಾಕ್ ಇರುವ ಟ್ರೇಲ್ ಬೈಕ್ ಬೇಕಾಯಿತು. ಗುಡ್ಡದ ಕಾಲುದಾರಿಯಲ್ಲಿ ಹತ್ತಿ ಇಳಿಯಲೆಂದೇ ಮಾಡಿದ ಸೈಕಲ್ಲು ಅದು. ಫುಲ್ ಸಸ್ಪೆನ್ಶನ್ ಅಂತಾರೆ. ಆದರೆ ಶಾಕ್ ಹೆಚ್ಚಿದಷ್ಟೂ ತೂಕ ಹೆಚ್ಚು. ನಮ್ಮ ಮನೆ ಶಹಾಬಜಾರದ ಗಲ್ಲಿಯಲ್ಲಿ, ಮೂರನೇ ಮಹಡಿ. (ಮೆಟ್ಟಿಲು ಎಷ್ಟು ಕಿರಿದು ಅಂದರೆ, ಸಿಲಿಂಡರ್ ತರುವವರು ಅಡ್ಡ ತಿರುಗಿ ಹತ್ತುತ್ತಾರೆ.) ಕೆಳಗೆ ನಿಲ್ಲಿಸಲು ಜಾಗವಿಲ್ಲ. ದಿನಾ ಹೆಗಲ ಮೇಲೆ ಹೊತ್ತೇ ಏರಬೇಕು. ಅದೇ ಮುರಿದ ಕೈಯಲ್ಲಿ.

ಶಾಕ್ ಬೇಕು, ತೂಕ ಬೇಡ. ಫೋನಿನಲ್ಲಿ ಎಷ್ಟು ಟ್ಯಾಬ್ ತೆರೆದೆನೋ ನನಗೇ ಗೊತ್ತಿಲ್ಲ. ಶಾಕ್ ಒಳಗೆ ಹೋಗುವ ಟ್ರಾವೆಲ್ ಎಷ್ಟು, ಫ್ರೇಮ್ ಕಾರ್ಬನ್ನೋ ಅಲಾಯೋ, ಟೈರ್ ಎಷ್ಟು ದಪ್ಪ. ಬೆಳಿಗ್ಗೆ ಒಂದು ಪಸಂದಾದರೆ ಚಹಾ ಹೊತ್ತಿಗೆ ಇನ್ನೊಂದು. ಅವ್ವ ತಟ್ಟೆ ಮುಂದಿಟ್ಟು ಕೇಳಿದಳು, "ಸೈಕಲ್ ನೋಡ್ಲಾಕತ್ತಿಯೋ, ವರ ನೋಡ್ಲಾಕತ್ತಿಯೋ?"

"ವರ ಆದ್ರ ಮೆಟ್ಲ ತಾನ ಹತ್ತತಾನಲ್ಲವ್ವ" ಅಂದೆ. ತಟ್ಟೆಗೆ ರೊಟ್ಟಿ ಸ್ವಲ್ಪ ಜೋರಾಗಿಯೇ ಬಿತ್ತು.

ಖೂಬಾ ಪ್ಲಾಟಿನ ಅಂಗಡಿಯಲ್ಲಿ ಅಂಥವು ಎರಡಿದ್ದವು. ಒಂದು ಹಗುರ, ಶಾಕ್ ಸ್ವಲ್ಪ ಕಡಿಮೆ. ಇನ್ನೊಂದಕ್ಕೆ ಶಾಕ್ ಭರ್ಜರಿ, ಆದರೆ ಎತ್ತಿ ನೋಡಿದ ಕೂಡಲೇ ಮಣಿಕಟ್ಟು ಬೇಡ ಅಂದಿತು. ಅಂಗಡಿಯವರು ಹಗುರದ್ದನ್ನೇ ಕೈಗಿಟ್ಟರು. "ಐತವಾರ ಒಯ್ದು ಹೊಡದು ನೋಡ್ರಿ. ಸೋಮವಾರ ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ. ಮಾಲ್ ಕಳಿಸಿದ ಹೈದರಾಬಾದದವ್ರು ವಾಪಸ್ ಕೇಳ್ಲಾಕತ್ತಾರ."

ಲೆಕ್ಕ ಸರಳ. ಇದು ಕೈಗೆ ಒಗ್ಗದಿದ್ದರೆ ಇನ್ನೊಂದು ಮೆಟ್ಟಿಲು ಹತ್ತುವುದಿಲ್ಲ. ಮೂರನೆಯದಿಲ್ಲ.

ಭಾನುವಾರ ಬೆಳಿಗ್ಗೆ ಗಲ್ಲಿಯಲ್ಲಿ ಸೈಕಲ್ ಹತ್ತಿ ಕೂತೆ. ಅದು ನನ್ನ ಭಾರಕ್ಕೆ ಮೆತ್ತಗೆ ಕುಸಿಯಿತು. ಎದುರು ಮನೆಯ ರಫೀಕ್ ಚಾಚಾ ಟೆಂಪೋ ಒರೆಸುತ್ತಿದ್ದವರು ಕೈ ನಿಲ್ಲಿಸಿದರು. ಅವರದು ಬ್ಯಾಳಿ ಮಿಲ್ಲಿಗೆ ತೊಗರಿ ಹೊಡೆಯುವ, ಅಂದರೆ ಸಾಗಿಸುವ ಟೆಂಪೋ. ಆ ದಿನ ಕಮಲಾಪುರಕ್ಕೆ ಸಿಮೆಂಟು ಇಳಿಸುವುದಿತ್ತು. ನನ್ನನ್ನೂ ಸೈಕಲ್ಲನ್ನೂ ಹತ್ತಿಸಿಕೊಂಡು ಹೋಗಲು ಒಪ್ಪಿದ್ದರು.

"ಬೇಟಿ, ಹೊಸಾ ಗಾಡಿ ಕುಂತಕೂಡ್ಲೆ ಕುಸೀಲಾಕತ್ತದಲ್ಲ?"

"ಕುಸೀಬೇಕು ಚಾಚಾ. ಸ್ಯಾಗ್ ಅಂತಾರ ಅದಕ್ಕ."

"ಯಾರಂತಾರ?"

"ವಿಡಿಯೋದಾಗ."

"ವಿಡಿಯೋದವ್ರು ಎಂದಾದ್ರೂ ತೊಗರಿ ಹೊಡದಾರೇನು?"

ನಮ್ಮೂರ ಲೋಡ್ ಗಾಡಿಯವರ ಪದ್ಧತಿ ನಿಮಗೆ ಗೊತ್ತಿರಬಹುದು. ಹೊಸ ಟೆಂಪೋ ಬಂದ ತಕ್ಷಣ ಮೊದಲು ಗ್ಯಾರೇಜಿಗೆ ಒಯ್ದು ಹಿಂದೆ ಹೆಚ್ಚಿಗೆ ಸ್ಪ್ರಿಂಗ್ ಪಟ್ಟಿ ಕೂಡಿಸುತ್ತಾರೆ. ಚೀಲ ಏರಿದಾಗ ಗಾಡಿಯ ಬೆನ್ನು ತಗ್ಗಿದರೆ ಮಾಲಕನ ಮರ್ಯಾದೆಯೇ ತಗ್ಗಿದ ಹಾಗೆ. ಚಾಚಾನ ಟೆಂಪೋ ಎಷ್ಟೇ ಹೇರಿದರೂ ಸೊಂಟ ಬಗ್ಗಿಸುವುದಿಲ್ಲ ಅಂತ ಗಲ್ಲಿಗೆಲ್ಲ ಹೆಸರು.

ಅವರ ಮಾತು ನನಗೂ ಸರಿ ಅನ್ನಿಸಿತು. ಸೈಕಲ್ಲೇ ಇಷ್ಟು ಹಗುರ, ಅದು ಗಟ್ಟಿಯಾದರೂ ಇರಲಿ ಅಲ್ಲವೇ? ಈ ಸೈಕಲ್ಲಿನ ಶಾಕ್‌ನಲ್ಲಿ ಸ್ಪ್ರಿಂಗ್ ಇಲ್ಲ, ಒಳಗಿನ ಗಾಳಿಯೇ ಸ್ಪ್ರಿಂಗು. ಅಂಗಡಿಯವರು ಅದಕ್ಕೆಂದೇ ಪುಟ್ಟ ಪಂಪ್ ಕೊಟ್ಟಿದ್ದರು. ಮುಂದಿನದಕ್ಕೂ ಹಿಂದಿನದಕ್ಕೂ ಗಾಳಿ ತುಂಬಿದೆ, ಕೂತರೆ ಚೂರೂ ಕುಸಿಯದಷ್ಟು. ಚಾಚಾ ಸೀಟಿನ ಮೇಲೆ ಕೈ ಊರಿ ಒತ್ತಿ ನೋಡಿದರು.

"ಹಾಂ. ಈಗ ಗಾಡಿ ಆತು."

ಸಿಮೆಂಟು ಚೀಲಗಳ ಮೇಲೆ ಸೈಕಲ್ ಕಟ್ಟಿ ಹೊರಟೆವು. ಭಾರದ ಟೆಂಪೋ, ತೊಟ್ಟಿಲ ಹಾಗೆ ಹೋಯಿತು.

ಕಮಲಾಪುರದ ಆಚೆ ಒಂದು ಇಳಿಜಾರಿದೆ. ಕೆಂಪು ಮಣ್ಣು, ಮೇಲೆಲ್ಲ ಮುಷ್ಟಿ ಗಾತ್ರದ ಕಲ್ಲು. ಚಾಚಾ ಚೀಲ ಇಳಿಸಿಕೊಂಡು ಬರುವಷ್ಟರಲ್ಲಿ ನನ್ನ ಪರೀಕ್ಷೆ ಮುಗಿದಿತ್ತು. ಪ್ರತಿ ಕಲ್ಲೂ ನೇರ ಮಣಿಕಟ್ಟಿಗೇ ಬಂತು. ಅರ್ಧ ದಾರಿಯಲ್ಲಿ ಇಳಿದು ತಳ್ಳಿಕೊಂಡು ಬಂದೆ. ಬ್ರೇಕ್ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ.

ಚಾಚಾ ನನ್ನ ಮುಖ ನೋಡಿದರು. ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣು ಕೊಂಡು ಒಂದನ್ನು ನನ್ನ ಎಡಗೈಗೆ ಕೊಟ್ಟರು. ಸುಲಿಯದೆ ಮಡಿಲಲ್ಲಿಟ್ಟುಕೊಂಡೆ. ಸೋಮವಾರದ ಊಹೂಂ ಆಗಲೇ ನಾಲಿಗೆ ತುದಿಗೆ ಬಂದಿತ್ತು.

ವಾಪಸ್ ಬರುವಾಗ ಟೆಂಪೋ ಖಾಲಿ. ಏನು ಕುಣಿತ ಅಂತೀರಿ. ಪ್ರತಿ ಗುಂಡಿಗೂ ತಲೆ ಟಾಪಿಗೆ ಬಡಿಯುತ್ತಿತ್ತು. ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಕೇಳಿದೆ, "ಬರ್ತಾ ಚಲೋ ಇತ್ತಲ್ಲ ಚಾಚಾ, ಈಗ್ಯಾಕ ಹಿಂಗ?"

"ಖಾಲಿ ಅದಲ್ಲ, ಅದಕ್ಕ. ಪಟ್ಟಿ ಲೋಡಿಗಂತ ಹಾಕ್ಸೀನಿ. ಲೋಡ್ ಇಲ್ಲಂದ್ರ ಪಟ್ಟಿ ಬಗ್ಗಂಗಿಲ್ಲ, ನಾವು ಕುಣೀಬೇಕು."

ನನ್ನ ತಲೆಯಲ್ಲಿ ಏನೋ ಟಕ್ ಅಂದಿತು. ನನ್ನಂಥ ಕಡ್ಡಿಗೆ ಅಷ್ಟೊಂದು ಗಾಳಿ ಯಾಕೆ? ನಾನೇ ಅಲ್ಲವೇ ಆ ಸೈಕಲ್ಲಿನ ಲೋಡು?

"ಚಾಚಾ, ಗಾಡಿ ತಿರುಗಸ್ರಿ."

"ಯಾ ಅಲ್ಲಾ. ಈಗೇನು ಮರ್ತಿ?"

"ಗಾಳಿ ಬಿಡೋದು ಮರ್ತೀನಿ."

ದಾರಿಯುದ್ದಕ್ಕೂ ಗೊಣಗಿದರು. ಮಧ್ಯಾಹ್ನ ಬೀಗರ ಮನೆ ದಾವತ್ ಇದೆ, ಬಿರಿಯಾನಿ ತಣ್ಣಗಾದರೆ ಯಾರು ಜವಾಬ್ದಾರ್, ಇತ್ಯಾದಿ. ಆದರೂ ತಿರುಗಿಸಿದರು. ಅದೇ ಇಳಿಜಾರಿನ ತಲೆಯಲ್ಲಿ ಎರಡೂ ಶಾಕ್‌ಗಳ ಗಾಳಿ ಬಿಟ್ಟೆ. ಕೂತೆ, ಎದ್ದೆ, ಮತ್ತೆ ಬಿಟ್ಟೆ. ಹಿಂದಿನ ಶಾಕ್ ನನ್ನ ಭಾರಕ್ಕೆ ಕಾಲು ಭಾಗ ಒಳಗೆ ಹೋಗುವ ತನಕ. ಚಾಚಾ ಕಣ್ಣು ಬೇರೆ ಕಡೆ ತಿರುಗಿಸಿದರು. ಚಲೋ ಗಾಡಿಯ ಜೀವ ತೆಗೆಯುವುದನ್ನು ನೋಡಲಾರೆ ಎನ್ನುವ ಹಾಗೆ.

ಇಳಿಜಾರಿಗೆ ಬಿಟ್ಟೆ ಸೈಕಲ್ಲು.

ಕಲ್ಲುಗಳು ಅವೇ. ಆದರೆ ಅವು ಬಂದದ್ದು ಮಣಿಕಟ್ಟಿಗಲ್ಲ, ಸೈಕಲ್ಲಿನ ಹೊಟ್ಟೆಗೆ. ಅದು ನುಂಗುತ್ತ ಹೋಯಿತು, ನಾನು ತೇಲುತ್ತ ಹೋದೆ. ನೋವೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಇತ್ತು, ಹಳೆಯ ಪರಿಚಯದವರು ದೂರದಿಂದ ಕೈ ಬೀಸಿದಷ್ಟು. ತಳ ಮುಟ್ಟಿ ನಿಂತು ಬೆರಳು ಮಡಚಿದೆ. ಮಡಚಿದವು.

ಮೇಲಿನಿಂದ ಚಾಚಾ ಕೂಗಿದರು, "ಸತ್ತದೋ, ಬದುಕೇದೋ?"

"ಗಾಡಿ, ಕೈ ಎರಡೂ ಬದುಕ್ಯಾವ ಚಾಚಾ."

ಮತ್ತೆ ಹತ್ತಿ ಬಂದಾಗ ಅವರು ಸೀಟನ್ನು ಇನ್ನೊಮ್ಮೆ ಒತ್ತಿ ನೋಡಿದರು. ಕುಸಿಯಿತು. ಮುಖ ಹುಳ್ಳಗಾಯಿತು. "ನನಗಿದು ಪಸಂದ್ ಇಲ್ಲ ಬೇಟಿ. ಆದ್ರ ನಿಂದು ಖಾಲಿ ಚೀಲದ ಲೋಡು. ನಡೀತದ."

ಸೋಮವಾರ ಹೂಂ ಅಂದೆ. ಸೈಕಲ್ಲು ಈಗ ಮೂರನೇ ಮಹಡಿಯಲ್ಲಿ, ಅವ್ವನ ಹಪ್ಪಳದ ಡಬ್ಬಿಗಳ ಪಕ್ಕದಲ್ಲಿದೆ. ಜಾಗದ ಬಗ್ಗೆ ಅವಳ ತಕರಾರು ನಡೆಯುತ್ತಿದೆ, ನಡೆಯಲಿ.

ಆದರೆ ತಲೆ ಸುಮ್ಮನಿಲ್ಲ. ಬಗ್ಗದ್ದೇ ಗಟ್ಟಿ ಅಂತ ನಮಗೆ ಹೇಳಿಕೊಟ್ಟವರು ಯಾರು? ಟೈರಿಗೆ ಕಲ್ಲಿನಂಥ ಗಾಳಿ, ಮಕ್ಕಳಿಗೆ ಕಲ್ಲಿನಂಥ ಶಿಸ್ತು, ಮಾತಿಗೆ ಕಲ್ಲಿನಂಥ ಹಟ. ಹೊರೆ ಇದ್ದ ದಿನ ಎಲ್ಲ ಸರಿಯೇ ಕಾಣುತ್ತದೆ. ಖಾಲಿ ದಿನಗಳಲ್ಲಿ ಪೆಟ್ಟು ಯಾರಿಗೆ ಬೀಳುತ್ತದೆ ಅಂತ ಎಂದಾದರೂ ನೋಡಿದ್ದೇವೆಯೇ?

ನಿಮ್ಮ ಮನೆಯಲ್ಲೂ ಒಂದಾದರೂ ಇದ್ದೀತು, ಕುಸಿಯಬಾರದು ಅಂತ ಬಿಗಿದು ಬಿಗಿದು, ಕೊನೆಗೆ ನಿಮಗೇ ಬಡಿದದ್ದು. ನಾಚಿಕೆ ಪಡದೆ ಬರೆದು ಕಳಿಸಿ: ಗಾಳಿ ಬಿಟ್ಟಿರೋ, ಇಲ್ಲ ಇನ್ನೂ ಕುಣಿಯುತ್ತಿದ್ದೀರೋ?