ಆರನೆಯವಳಾಗಿ ಸೇರಿದ ತಂಡ

ಕಾಲೇಜು ನೋಡಲು ಹೋದಲ್ಲೆಲ್ಲ ಅಪ್ಪ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಒಳಾಂಗಣದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ವಾಲಿಬಾಲ್ ಅಂಕಣದ ನಡುವೆ ಹೋಗಿ ನಿಂತು, ಹಿಮ್ಮಡಿಯಿಂದ ನೆಲವನ್ನು ಗುದ್ದಿ ನೋಡುವುದು. ನಮ್ಮನ್ನು ಸುತ್ತಾಡಿಸುತ್ತಿದ್ದ ಪ್ರವೇಶ ವಿಭಾಗದವರು ಗ್ರಂಥಾಲಯ, ಪ್ರಯೋಗಾಲಯ, ಕೆಫೆ ಎಂದು ಹೇಳುತ್ತಲೇ ಇರುತ್ತಿದ್ದರು. ನಾನು ನಾಚಿಕೆಯಿಂದ ಬೇರೆಲ್ಲೋ ನೋಡುತ್ತ ನಿಲ್ಲುತ್ತಿದ್ದೆ.

ನಾನಾಗ ದುಬೈಯ ಇಂಡಿಯನ್ ಶಾಲೆಯೊಂದರಲ್ಲಿ ಹನ್ನೆರಡನೇ ತರಗತಿಯಲ್ಲಿದ್ದೆ. ಮನೆ ಕರಾಮದಲ್ಲಿ, ಕೆಳಗಿನ ಹೋಟೆಲಿನ ಸಾಂಬಾರಿನ ವಾಸನೆ ಬೆಳಗ್ಗೆಯೇ ಕಿಟಕಿಗೆ ಬರುವ ಹಳೆಯ ಫ್ಲ್ಯಾಟು. ಅಪ್ಪ ಅಲ್ ಕೂಜ್‌ನ ಗೋದಾಮೊಂದರಲ್ಲಿ ಸೂಪರ್‌ವೈಸರ್. ಅಮ್ಮ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಅಪ್ಪನದು ಕಾಪು ಕಡೆಯ ತುಳು, ಅಮ್ಮನದು ಕುಮಟಾ ಕಡೆಯ ಕನ್ನಡ, ನನ್ನದು ಅರ್ಧಕ್ಕರ್ಧ ಇಂಗ್ಲಿಷು. ಮನೆಯಲ್ಲಿ ಮೂರೂ ಬೆರೆತು ಓಡುತ್ತಿದ್ದವು.

ಅಪ್ಪ ಊರಿನಲ್ಲಿ ವಾಲಿಬಾಲ್ ಆಡುತ್ತಿದ್ದವನು. ಇಲ್ಲಿಗೆ ಬಂದ ಮೇಲೂ ಬಿಡಲಿಲ್ಲ. ಆಗಿನ್ನೂ ಶುಕ್ರವಾರವೇ ರಜೆ. ಗೋದಾಮಿನ ಹಿಂದಿನ ಖಾಲಿ ಮರಳಿನಲ್ಲಿ ಎರಡು ಕಬ್ಬಿಣದ ಕಂಬ ನಿಲ್ಲಿಸಿ, ನೆಟ್ ಕಟ್ಟಿ, ಬಿಸಿಲು ಏರುವ ಮೊದಲು ಅವರ ಆಟ. ನಾನು ಚಿಕ್ಕವಳಿದ್ದಾಗ ಒಂದು ಶುಕ್ರವಾರ ಅವರ ಲಿಫ್ಟರ್ ಬರಲಿಲ್ಲ. ಹೊಡೆಯುವವರಿಗೆ ನೆಟ್ಟಿನ ಹತ್ತಿರ ಚೆಂಡನ್ನು ಎತ್ತಿಕೊಡುವವನೇ ಲಿಫ್ಟರ್. "ನೀನು ಸುಮ್ಮನೆ ಮೇಲೆ ತಳ್ಳು ಮಗಾ, ಉಳಿದದ್ದು ನಾವು ನೋಡ್ಕೊಳ್ತೇವೆ" ಎಂದ ಅಪ್ಪ. ಅವತ್ತಿನಿಂದ ನಾನೂ ಲಿಫ್ಟರ್. ಶಾಲೆಯ ತಂಡದಲ್ಲೂ ಅದೇ ಜಾಗ.

ಹಾಗಾಗಿ ಕಾಲೇಜು ಹುಡುಕುವಾಗ ನಾವು ಬಿಬಿಎ ಎಲ್ಲಿ ಚೆನ್ನಾಗಿದೆ ಎಂದು ಕೇಳುವುದರ ಜೊತೆಗೆ, ಹುಡುಗಿಯರ ವಾಲಿಬಾಲ್ ತಂಡ ಎಲ್ಲಿದೆ ಎಂದೂ ಕೇಳುತ್ತಿದ್ದೆವು. ಒಂದು ಕಾಲೇಜಿನ ವೆಬ್‌ಸೈಟಿನಲ್ಲಿ ಹುಡುಗಿಯೊಬ್ಬಳು ನೆಟ್ಟಿನ ಮೇಲೆ ಹಾರಿ ಸ್ಮ್ಯಾಶ್ ಹೊಡೆಯುವ ಚಿತ್ರವಿತ್ತು. ಫೋನ್ ಮಾಡಿ ಕೇಳಿದರೆ, "ಆಸಕ್ತಿ ಇರುವವರು ಬಂದರೆ ತಂಡ ಶುರು ಮಾಡುತ್ತೇವೆ" ಎಂದರು. "ಹಾಗಾದ್ರೆ ಆ ಹುಡುಗಿ ಯಾರಂತೆ?" ಎಂದು ಅಮ್ಮ ಬಹಳ ದಿನ ಕೇಳುತ್ತಿದ್ದಳು. ಕೊನೆಗೆ ಉಳಿದದ್ದು ಎರಡು ಕಾಲೇಜು. ಒಂದು ದುಬೈಯಲ್ಲಿ, ಇನ್ನೊಂದು ಅಬುಧಾಬಿಯಲ್ಲಿ.

ದುಬೈಯದು ದೊಡ್ಡದು. ನೆಲ ಗುದ್ದಿ ನೋಡಿದ ಅಪ್ಪನ ಮುಖ ಅರಳಿತು. "ಮರ ಇದು, ಒಳ್ಳೆ ಮರ. ಕೆಳಗೆ ಸ್ಪ್ರಿಂಗ್ ಹಾಗೆ ಎಂತದೋ ಉಂಟು" ಎಂದು ನನ್ನ ಕಿವಿಯಲ್ಲಿ ಹೇಳಿದ. ಗಾಜಿನ ಕಪಾಟು ತುಂಬ ಗೆದ್ದ ಕಪ್ಪುಗಳು. ತಂಡಕ್ಕೇ ಒಬ್ಬ ಫಿಸಿಯೋ. ಹದಿನಾಲ್ಕು ಹುಡುಗಿಯರು ಒಂದೇ ಬಣ್ಣದ ಅಂಗಿಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಅವರ ಕೋಚ್ ಎತ್ತರದ ಹೆಂಗಸು, ಮಾತು ಕಡಿಮೆ. ನನ್ನ ಆಟದ ವಿಡಿಯೊ ಮೊದಲೇ ನೋಡಿದ್ದರು.

"ನಿನ್ನ ಕೈ ಚೆನ್ನಾಗಿದೆ" ಎಂದರು ಇಂಗ್ಲಿಷಿನಲ್ಲಿ. "ಆದರೆ ನನ್ನ ಹತ್ತಿರ ಇಬ್ಬರು ಲಿಫ್ಟರುಗಳಿದ್ದಾರೆ. ಅಭ್ಯಾಸ ಎಲ್ಲರ ಜೊತೆಗೆ. ಪಂದ್ಯದ ಮಾತು ಕೊಡಲಾರೆ. ಮೊದಲ ವರ್ಷವಂತೂ ಕೊಡಲಾರೆ."

ಅವರು ಅಷ್ಟು ನೇರವಾಗಿ ಹೇಳಿದ್ದು ನನಗೆ ಹಿಡಿಸಿತು. ಹೊರಡುವ ಮೊದಲು ಮುಖ ತೊಳೆಯಲು ಹೋದಾಗ ತಂಡದ ಹುಡುಗಿಯೊಬ್ಬಳು ಅಲ್ಲಿ ಬಾಟಲಿಗೆ ನೀರು ತುಂಬಿಸುತ್ತಿದ್ದಳು. ಎರಡನೇ ಲಿಫ್ಟರ್ ಅವಳೇ. ಇಲ್ಲಿ ಹೇಗಿದೆ ಎಂದು ಕೇಳಿದೆ.

"ಅಭ್ಯಾಸ ಇಷ್ಟು ಚೆನ್ನಾಗಿ ಬೇರೆಲ್ಲೂ ಸಿಗುವುದಿಲ್ಲ" ಎಂದಳು. ನಲ್ಲಿ ನಿಲ್ಲಿಸಿ, "ಪಂದ್ಯದ ದಿನ ನಾನು ಬ್ಯಾಗು ಕಾಯುತ್ತೇನೆ" ಎಂದಳು. ದೂರಿನ ದನಿಯಿರಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿ ಹೊರಟುಹೋದಳು.

ಅಬುಧಾಬಿಯ ಕಾಲೇಜಿಗೆ ಹೋದದ್ದು ಅದರ ಮುಂದಿನ ಶನಿವಾರ. ಹಾಸ್ಟೆಲಿನಲ್ಲಿ ಇರಬೇಕಾದ ಜಾಗವಾದ್ದರಿಂದ ಅಮ್ಮನೂ ಬಂದಳು. ಅಲ್ಲಿಯ ಒಳಾಂಗಣ ಚಿಕ್ಕದು. ಒಂದು ಮೂಲೆಯಲ್ಲಿ ಪರೀಕ್ಷೆಯ ಮೇಜುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ನೆಲದ ಮೇಲೆ ಬ್ಯಾಡ್ಮಿಂಟನ್, ಬಾಸ್ಕೆಟ್‌ಬಾಲ್, ವಾಲಿಬಾಲ್ ಎಲ್ಲದರ ಗೆರೆಗಳೂ ಒಂದನ್ನೊಂದು ದಾಟಿ ಹೋಗಿದ್ದವು. ಅಪ್ಪ ಹಿಮ್ಮಡಿ ಊರಿದವನೇ ತಲೆ ಅಲ್ಲಾಡಿಸಿದ. "ಸಿಮೆಂಟಿನ ಮೇಲೆ ರಬ್ಬರ್ ಹಾಸಿದ್ದು. ಮೊಣಕಾಲು ಹೋಗ್ತದೆ."

ಅಲ್ಲಿದ್ದದ್ದು ಐದೇ ಹುಡುಗಿಯರು. ಕೋಚ್ ಲೆಬನಾನಿನವರು, ನಡುವಯಸ್ಸಿನವರು, ಸಂಜೆ ಹೊತ್ತು ಮಾತ್ರ ಬರುತ್ತಿದ್ದರು. ನನ್ನ ವಿಡಿಯೊ ನೋಡಿರಲಿಲ್ಲ. "ಶೂಸ್ ತಂದಿದ್ದೀಯಾ? ಹಾಗಾದರೆ ಕೂತು ನೋಡುವುದೇಕೆ? ಯಲ್ಲಾ, ನಡಿ!" ಎಂದು ಚೆಂಡನ್ನು ನನ್ನತ್ತ ಎಸೆದರು.

ನಾಯಕಿ ಸುಡಾನಿನ ಹುಡುಗಿ, ಎಂಜಿನಿಯರಿಂಗ್ ಓದುತ್ತಿದ್ದಳು. ನನಗಿಂತ ಒಂದು ತಲೆ ಎತ್ತರ. ನಾನು ಎತ್ತಿಕೊಟ್ಟ ಮೊದಲ ಚೆಂಡು ಅವಳಿಗೆ ತೀರ ಕೆಳಗಾಯಿತು. ಎರಡನೆಯದೂ ಹಾಗೆಯೇ. "ಇನ್ನೂ ಮೇಲೆ, ನಾಚಿಕೊಳ್ಳಬೇಡ" ಎಂದಳು. ಮೂರನೆಯದನ್ನು ಅವಳು ಹೊಡೆದ ಸದ್ದಿಗೆ ಪೇರಿಸಿಟ್ಟ ಮೇಜುಗಳು ನಡುಗಿದವು. ಆಮೇಲೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಮ್ಮ ಮಾತ್ರ ಕೋಚನ್ನು ಹಿಡಿದು ನಿಲ್ಲಿಸಿ ಕೇಳಿದಳು, "ಸರ್, ಕಾಲು ಉಳುಕಿದ್ರೆ ಯಾರು ನೋಡೋದು?" ಅವರು ಪ್ರಾಮಾಣಿಕ ಮನುಷ್ಯ. "ಕ್ಯಾಂಟೀನಿನಲ್ಲಿ ಐಸ್ ಇದೆ ಮೇಡಂ. ಆಮೇಲೆ ನನ್ನ ಕಾರಿದೆ" ಎಂದರು.

ವಾಪಸು ಬರುವಾಗ ಕಾರಿನಲ್ಲಿ ಅಪ್ಪನೇ ಮಾತು ಶುರು ಮಾಡಿದ.

"ಒಳ್ಳೆ ಟೀಮಿನಲ್ಲಿ ಕೂತ್ಕೊಂಡ್ರೂ ಕಲೀಲಿಕ್ಕೆ ಉಂಟು. ಅಲ್ಲಿ ದಿನಾ ಒಳ್ಳೆಯವರ ಜೊತೆ ಪ್ರಾಕ್ಟೀಸ್. ಇಲ್ಲಿ ಎಂತ ಉಂಟು?"

"ಇಲ್ಲಿ ನಾನು ಸೇರಿದ್ರೆ ಆರು ಜನ, ಮ್ಯಾಚ್ ಉಂಟು ಪಪ್ಪಾ. ಐ ವಾಂಟ್ ಟು ಪ್ಲೇ."

"ಸೋಲುವ ಮ್ಯಾಚ್."

"ಸೋತ್ರೂ ನಾನು ಒಳಗೆ ಇರ್ತೇನಲ್ಲ!"

ಅಮ್ಮ ಹಿಂದಿನ ಸೀಟಿನಿಂದ ಬಾಗಿ ನನ್ನ ಭುಜ ಮುಟ್ಟಿದಳು. "ಆಟ ಬಿಡು. ನಾಳೆ ಕಾಲು ಮುರೀತು, ವಾಲಿಬಾಲ್ ಮುಗೀತು ಅಂತ ಇಟ್ಕೋ. ಆಗ್ಲೂ ಯಾವ ಕಾಲೇಜಲ್ಲಿ ಕೂತು ಓದ್ತೆ ನೀನು? ಅದನ್ನ ಹೇಳು."

ದೊಡ್ಡ ಕಾಲೇಜಿನಲ್ಲಿ ನಾನು ನೋಡಿದ್ದು ಅಂಕಣವನ್ನು ಮಾತ್ರ. ಇಲ್ಲಿ ಆಟ ಮುಗಿದ ಮೇಲೆ ಆ ಐವರೂ ನನ್ನನ್ನು ಕ್ಯಾಂಟೀನಿಗೆ ಎಳೆದುಕೊಂಡು ಹೋಗಿ, ಯಾವ ಮೇಷ್ಟರು ಒಳ್ಳೆಯವರು, ಹಾಸ್ಟೆಲಿನ ಯಾವ ಮಹಡಿಯಲ್ಲಿ ಬಿಸಿನೀರು ಬರುವುದಿಲ್ಲ, ಪಂದ್ಯದ ದಿನ ಪರೀಕ್ಷೆ ಬಿದ್ದರೆ ಏನು ಮಾಡುತ್ತಾರೆ, ಎಲ್ಲ ಹೇಳಿದ್ದರು. "ಅಬುಧಾಬಿ" ಎಂದೆ. ಕೆಲವು ದಿನಗಳ ಮೇಲೆ ಅಪ್ಪ ಕರಾಮದ ಅಂಗಡಿಯಿಂದ ಮೊಣಕಾಲಿಗೆ ಕಟ್ಟುವ ದಪ್ಪ ನೀ ಪ್ಯಾಡ್ ತಂದು ನನ್ನ ಮಂಚದ ಮೇಲಿಟ್ಟಿದ್ದ. ಅದೇ ಅವನ ಒಪ್ಪಿಗೆ.

ಮೊದಲ ವರ್ಷ ನನ್ನ ಬದುಕಿನ ಒಳ್ಳೆಯ ವರ್ಷಗಳಲ್ಲಿ ಒಂದು. ನಾನು ಆರನೆಯವಳು. ನನ್ನಿಂದಾಗಿ ಅದು ತಂಡವಾಯಿತು. ಬದಲಿಗೆ ಯಾರೂ ಇಲ್ಲದ್ದರಿಂದ ಜ್ವರ ಬಂದರೂ ಆಡಬೇಕು, ಮುಟ್ಟಿನ ಹೊಟ್ಟೆನೋವಿದ್ದರೂ ಆಡಬೇಕು. ಸೋಲುತ್ತಿದ್ದೆವು, ಒಮ್ಮೊಮ್ಮೆ ಗೆಲ್ಲುತ್ತಲೂ ಇದ್ದೆವು. ದುಬೈಯ ದೊಡ್ಡ ಕಾಲೇಜಿನ ವಿರುದ್ಧ ಆಡಿದ ದಿನ ಎರಡನೇ ಸೆಟ್ಟಿನಲ್ಲಿ ನಾಯಕಿ ಹಾರಿ ಇಳಿಯುವಾಗ ಪಾದ ಹೊರಳಿ ಬಿದ್ದಳು. ಆರು ಮಂದಿ ಇಲ್ಲದಿದ್ದರೆ ಆಟ ಮುಂದುವರಿಸುವ ಹಾಗಿಲ್ಲ. ರೆಫರಿ ಕೋಚನ್ನು ನೋಡಿದರು, ಕೋಚ್ ಖಾಲಿ ಬೆಂಚನ್ನು ನೋಡಿದರು. ಪಂದ್ಯ ಬಿಟ್ಟುಕೊಟ್ಟೆವು. ಆಗ ಎದುರು ಬೆಂಚಿನಿಂದ ಐಸ್ ಚೀಲ ಹಿಡಿದು ಓಡಿಬಂದವಳು ಅವರ ಎರಡನೇ ಲಿಫ್ಟರ್. ನನ್ನ ಗುರುತು ಅವಳಿಗೆ ಹತ್ತಲಿಲ್ಲ. ನಾಯಕಿಯ ಪಾದಕ್ಕೆ ಅವಳು ಎಷ್ಟು ಸಲೀಸಾಗಿ ಪಟ್ಟಿ ಸುತ್ತಿದಳೆಂದರೆ, ಆ ಕೆಲಸ ಅವಳಿಗೆ ಎಷ್ಟು ರೂಢಿಯಾಗಿರಬೇಕು ಎಂದುಕೊಂಡೆ. ಇಬ್ಬರಲ್ಲಿ ಯಾರ ಪಾಡು ಮೇಲು ಎಂದು ಬಸ್ಸಿನಲ್ಲಿ ಯೋಚಿಸುತ್ತ ಬಂದೆ.

ನಿಜವಾದ ಪೆಟ್ಟು ಬಿದ್ದದ್ದು ಬೇಸಿಗೆ ರಜೆಯಲ್ಲಿ. ನಾಯಕಿಯೂ ಇನ್ನಿಬ್ಬರೂ ಕೊನೆಯ ವರ್ಷದವರು, ಓದು ಮುಗಿಸಿ ಹೊರಟರು. ನಾಲ್ಕನೆಯವಳ ತಂದೆಗೆ ಕೆಲಸ ಹೋಗಿ, ವೀಸಾ ಮುಗಿಯುವ ಮೊದಲೇ ಇಡೀ ಮನೆ ಜೋರ್ಡಾನಿನ ಅಮ್ಮಾನಿಗೆ ಮರಳಿತು. ನೆಲ, ಕೋಚ್, ಹಾಸ್ಟೆಲ್, ಪರೀಕ್ಷೆ, ಐಸ್ ಎಲ್ಲವನ್ನೂ ಕೇಳಿದ ನಾವು, ಮುಂದಿನ ವರ್ಷ ಇವರಲ್ಲಿ ಯಾರಿರುತ್ತಾರೆ ಎಂದು ಕೇಳಿರಲಿಲ್ಲ. ಈ ದೇಶದಲ್ಲಿ ಬೆಳೆದವಳು ನಾನು. ಶಾಲೆ ಮುಗಿಯುತ್ತಲೇ ನಮ್ಮ ಕಟ್ಟಡದ ಲಿಫ್ಟಿನೆದುರು ಟೇಪು ಸುತ್ತಿದ ರಟ್ಟಿನ ಡಬ್ಬಿಗಳು ಸಾಲು ನಿಲ್ಲುವುದನ್ನು ಪ್ರತಿವರ್ಷ ನೋಡಿದವಳು. ಪಕ್ಕದ ಮನೆಯ ಗೆಳತಿಯರು ಹಾಗೆ ಎಷ್ಟು ಮಂದಿ ಹೋದರೋ. ಆದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಎರಡನೇ ವರ್ಷ ಉಳಿದವರು ಇಬ್ಬರು. "ಖಲಾಸ್, ಈ ವರ್ಷ ತಂಡ ಇಲ್ಲ" ಎಂದರು ಕೋಚ್, ನೆಟ್ ಸುರುಳಿ ಸುತ್ತುತ್ತ. ಮನೆಗೆ ಫೋನ್ ಮಾಡಿದಾಗ ಅಪ್ಪ, "ನಾನು ಹೇಳಿರ್ಲಿಲ್ವಾ" ಎನ್ನಲಿಲ್ಲ. "ಆ ದೊಡ್ಡ ಕಾಲೇಜಿಗೆ ಬದಲಾಯಿಸ್ಲಿಕ್ಕೆ ಆಗ್ತದಾ ಕೇಳಿ ನೋಡು" ಎಂದ. ಕೇಳಿದೆ. ಬಂದು ಟ್ರಯಲ್ಸ್ ಕೊಡು ಎಂದು ಆ ಎತ್ತರದ ಕೋಚ್ ಉತ್ತರ ಬರೆದರು. ನಾನು ಹೆಚ್ಚುಕಡಿಮೆ ಹೊರಟೇ ಇದ್ದೆ.

ಆ ವಾರ ಕ್ಯಾಂಟೀನಿನಲ್ಲಿ ಮೊದಲ ವರ್ಷದ ಹುಡುಗಿಯರ ಗುಂಪೊಂದು ಕಿತ್ತಳೆಹಣ್ಣು ಎಸೆದಾಡುತ್ತಿತ್ತು. ತಲೆಗೆ ಸ್ಕಾರ್ಫ್ ಕಟ್ಟಿದ ಒಬ್ಬಳು ಅಡ್ಡಾದಿಡ್ಡಿ ಬಂದ ಹಣ್ಣನ್ನೂ ಬಿಡದೆ ಹಿಡಿಯುತ್ತಿದ್ದಳು. ಕನ್ನಡದಲ್ಲಿ ಯಾರನ್ನೋ ಬೈದದ್ದು ಕೇಳಿ ಹತ್ತಿರ ಹೋದೆ. ಭಟ್ಕಳದವಳು. ಹತ್ತನೇ ತರಗತಿಯವರೆಗೆ ಅಲ್ಲೇ ಓದಿ, ಆಮೇಲೆ ತಂದೆಯ ವ್ಯಾಪಾರವಿದ್ದ ಇಲ್ಲಿಗೆ ಬಂದಿದ್ದಳು. ಶಾಲೆಯಲ್ಲಿ ಥ್ರೋಬಾಲ್ ಆಡಿದ್ದಳಂತೆ.

"ವಾಲಿಬಾಲ್ ಆಡ್ತೀಯಾ?"

"ನಂದು ಹಿಡಿದು ಎಸೆಯೋ ಆಟ ಅಕ್ಕಾ. ನಿಮ್ದರಲ್ಲಿ ಹಿಡಿಯೋ ಹಾಗೇ ಇಲ್ವಲ್ಲ" ಎಂದು ನಕ್ಕಳು. ಮತ್ತೆ ಗಂಭೀರಳಾಗಿ, "ನಂಗೆ ಅಡ್ಡಿಲ್ಲ. ಮನೇಲಿ ಅಮ್ಮನ್ನ ನೀವೇ ಬಂದು ಕೇಳ್ಬೇಕು" ಎಂದಳು.

ಹೋದೆ. ಅವಳ ಅಮ್ಮ ಚಹಾ ಕೊಟ್ಟು, ಎದುರು ಕೂತು, ಒಂದೊಂದಾಗಿ ಕೇಳತೊಡಗಿದರು. ಕಲಿಸುವವರು ಯಾರು? ಬಸ್ಸಿನಲ್ಲಿ ಯಾರ್ಯಾರು ಇರುತ್ತಾರೆ? ಉದ್ದ ತೋಳಿನ ಅಂಗಿ, ಸ್ಕಾರ್ಫ್ ಹಾಕಿ ಆಡಬಹುದಾ? ಮನೆಗೆ ಬರುವಾಗ ಎಷ್ಟು ಹೊತ್ತಾಗುತ್ತದೆ? ಬಿದ್ದು ಪೆಟ್ಟಾದರೆ? ನಾವು ಕಾಲೇಜುಗಳಲ್ಲಿ ಕೇಳಿದಂಥವೇ ಪ್ರಶ್ನೆಗಳು. ಈಗ ಉತ್ತರ ಕೊಡಬೇಕಾದವಳು ನಾನು. ಐಸ್ ಕ್ಯಾಂಟೀನಿನಲ್ಲಿದೆ ಎಂದೇ ಹೇಳಿದೆ. ನೆಲ ಗಟ್ಟಿಯಿದೆ ಎಂದೂ ಹೇಳಿದೆ.

"ಎಲ್ಲಾ ಸರಿ" ಎಂದರು ಅವರು. "ಮತ್ತೆ ನೀನು ಇರ್ತೀಯಲ್ಲಾ ಮಗಾ? ಅವಳನ್ನ ಸೇರ್ಸಿ ನೀನು ಹೋಗೂದಿಲ್ಲಲ್ಲ?"

ಬ್ಯಾಗಿನಲ್ಲಿದ್ದ ಫೋನಿನಲ್ಲಿ ದುಬೈಯ ಕೋಚ್ ಬರೆದ ಉತ್ತರ ಇನ್ನೂ ಹಾಗೇ ಇತ್ತು. ಚಹಾದ ಲೋಟ ಕೆಳಗಿಟ್ಟೆ.

"ಇರ್ತೇನೆ ಆಂಟಿ" ಎಂದೆ. ಅಷ್ಟು ಹೊತ್ತಿನವರೆಗೆ ನಾನದನ್ನು ತೀರ್ಮಾನಿಸಿರಲೇ ಇಲ್ಲ.

ಅವಳು ತನ್ನ ತರಗತಿಯ ಇಬ್ಬರನ್ನು ತಂದಳು. ಹಾಸ್ಟೆಲಿನಿಂದ ನಾನು ಮೂವರನ್ನು ಎಬ್ಬಿಸಿ ತಂದೆ. ಕೋಚ್ ಗೊಣಗುತ್ತಲೇ ನೆಟ್ ಮತ್ತೆ ಕಟ್ಟಿದರು. ಭಟ್ಕಳದವಳು ಬಹಳ ದಿನ ಚೆಂಡು ಬಂದ ಕೂಡಲೇ ಹಿಡಿದುಬಿಡುತ್ತಿದ್ದಳು. ಹಿಡಿದು, "ಅಯ್ಯೋ" ಎಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಆ ವರ್ಷ ನಾವು ಒಂದು ಸೆಟ್ಟನ್ನೂ ಗೆಲ್ಲಲಿಲ್ಲ. ದುಬೈಗೆ ಹೋಗಿದ್ದರೆ ಎಂದು ನನಗೆ ಆಗಾಗ ಅನ್ನಿಸಿದ್ದುಂಟು, ಸುಳ್ಳು ಹೇಳುವುದಿಲ್ಲ. ಒಳ್ಳೆಯ ಲಿಫ್ಟರ್ ಆಗಬಹುದಾಗಿದ್ದ ವರ್ಷಗಳಲ್ಲಿ ನಾನು ಬೇರೆಯವರಿಗೆ ಸರ್ವಿಸ್ ಎತ್ತುವುದನ್ನು ಕಲಿಸುತ್ತಿದ್ದೆ. ನನ್ನ ಆಟ ಅಷ್ಟಕ್ಕೇ ನಿಂತಿತು. ಈಗ ಮೆಟ್ರೊ ಮೆಟ್ಟಿಲು ಹತ್ತುವಾಗ ಬಲ ಮೊಣಕಾಲು ನೋಯುತ್ತದೆ. ಅದೂ ಆ ಲೆಕ್ಕಕ್ಕೇ ಸೇರಿದ್ದು.

ಮೂರನೇ ವರ್ಷದ ಕೊನೆಯ ಪಂದ್ಯ ನಮ್ಮದೇ ಒಳಾಂಗಣದಲ್ಲಿ, ನಮ್ಮಂಥದೇ ಚಿಕ್ಕ ಕಾಲೇಜಿನ ವಿರುದ್ಧ. ಐದನೇ ಸೆಟ್ಟಿಗೆ ಹೋಯಿತು. ಬೆಂಚಿನ ಮೇಲೆ ಮೂವರು ಬದಲಿ ಆಟಗಾರ್ತಿಯರು ಕೂತು ಕಿರುಚುತ್ತಿದ್ದರು. ನಾನು ಎತ್ತಿಕೊಟ್ಟ ಚೆಂಡು ನೆಟ್ಟಿಗೆ ತೀರ ಹತ್ತಿರವಾಗಿತ್ತು, ಕೆಟ್ಟ ಲಿಫ್ಟು. ಭಟ್ಕಳದವಳು ಹೊಡೆಯುವ ಹಾಗೆ ಕೈಯೆತ್ತಿದವಳು ಹೊಡೆಯಲಿಲ್ಲ. ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ಆಚೆ ಬೀಳಿಸಿದಳು. ಎದುರಿನವರು ಯಾರೂ ಕದಲಲಿಲ್ಲ. ಗೆದ್ದೆವು.

ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಕುಣಿದು ಮುಗಿದ ಮೇಲೆ ನೋಡಿದರೆ ಅವಳು ಕಾಣಲಿಲ್ಲ. ಪರೀಕ್ಷೆಯ ಮೇಜುಗಳ ಪಕ್ಕದಲ್ಲಿ ನಿಂತು, ಶೂಸಿನ ದಾರ ಬಿಚ್ಚಿದ್ದರೂ ಕಟ್ಟಿಕೊಳ್ಳದೆ, ಅಮ್ಮನಿಗೆ ಫೋನ್ ಮಾಡಿ ತಮ್ಮ ಮನೆಮಾತಾದ ನವಾಯತಿಯಲ್ಲಿ ಏನೋ ಒಂದೇ ಉಸಿರಿಗೆ ಹೇಳುತ್ತಿದ್ದಳು. ಆ ಮಾತುಗಳ ನಡುವೆ ನನಗೆ ಅರ್ಥವಾದದ್ದು ನನ್ನ ಹೆಸರು ಮಾತ್ರ.