ಸಮುದ್ರದ ದಂಡೆಯಲ್ಲಿ ಹನುಮವ್ವ

ಮರಳು ಕಂಡರೆ ಹನುಮವ್ವನ ಕೈ ಸುಮ್ಮನಿರುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಅಂಗೈ ಊರಿ, ತಂಪು ಹತ್ತಿದಲ್ಲಿ ಬಗೆಯಲು ಶುರುಮಾಡುತ್ತಿದ್ದಳು. ಎಂಬತ್ತರ ದಶಕದ ಕೊನೆಗೆ ನಾನು ಮಸ್ಕಿಯ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದಾಗ ಆಕೆ ಅಲ್ಲಿ ಆಯಾ. ಬೇಸಿಗೆಯಲ್ಲಿ ಬೋರು ಕೈಕೊಟ್ಟರೆ ಹಳ್ಳದ ಮರಳಲ್ಲಿ ವರ್ತಿ ಗುಂಡಿ ತೋಡಿ, ತೆಂಗಿನ ಚಿಪ್ಪಿನಿಂದ ಮೊಗೆದು, ಶಾಲೆಗೆಲ್ಲ ಕುಡಿಯುವ ನೀರು ತರುತ್ತಿದ್ದಳು. ಕದಡಿದ ನೀರಿಗೆ ಯಾರಾದರೂ ಅವಸರಪಟ್ಟು ಬಾಯಿ ಹಾಕಿದರೆ ಗದರುತ್ತಿದ್ದಳು: "ತಡೀರಿ, ನೀರಿಗೂ ಒಂದೀಟು ಉಸಿರು ತಗೊಳ್ಳಾಕ ಬಿಡ್ರಿ." ಹೆಡ್ಮಾಸ್ಟರರಿಗೂ ಇದೇ ಮಾತು.

ಒಂದು ವರ್ಷ ಶಾಲೆಯ ಪ್ರವಾಸ ಕಾರವಾರದ ಕಡೆ ಹೊರಟಿತು. ತಾನೂ ಬರುತ್ತೇನೆಂದು ಹನುಮವ್ವ ಹಟ ಹಿಡಿದಳು. "ಸಮುದ್ರದಾಗ ಮೊಣಕಾಲತನ ನಿಂತು ಬರ್ತೀನ್ರೀ ಅಕ್ಕೋರ. ಅಷ್ಟು ನೀರು ಒಂದ ಕಡಿ ಹೆಂಗ ಇರ್ತಾವ, ನೋಡಬೇಕು." ದಾರಿಯುದ್ದಕ್ಕೂ "ಬಂತೇನ್ರೀ?" ಎಂದು ಕೇಳಿ ನನ್ನ ತಲೆ ತಿಂದಳು.

ನಾವು ಇಳಿದ ದಂಡೆಯಲ್ಲಿ ಅಂಗಡಿಯಿಲ್ಲ, ಮನೆಯಿಲ್ಲ. ಯಾರೂ ತುಳಿಯದ ಮರಳು, ಹಿಂದೆ ಗಾಳಿಮರಗಳು, ಅಲೆಗಳ ಸದ್ದು, ಅಷ್ಟೇ. ಮಕ್ಕಳ ಹಿಂದೆಯೇ ನಾನೂ ಸೀರೆ ಎತ್ತಿಕಟ್ಟಿ ಓಡಿದೆ. ಹನುಮವ್ವ ಚಪ್ಪಲಿ ಬಿಟ್ಟು ಹೊರಟಿದ್ದಳು. ಅಷ್ಟರಲ್ಲಿ ಪುಟ್ಟ ಹುಡುಗಿಯೊಬ್ಬಳು ನೀರಡಿಕೆಯಾಗಿ ಅಳತೊಡಗಿದಳು. ಬಸ್ಸಿನಲ್ಲಿದ್ದ ಕೊಡಗಳು ಬರಿದಾಗಿದ್ದವು.

"ಕೂಸು ಅಳಾಕತ್ತೈತಿ," ಎನ್ನುತ್ತ ಹನುಮವ್ವ ತಿರುಗಿ ಗಾಳಿಮರಗಳ ಬುಡಕ್ಕೆ ಹೋಗಿ ಅಂಗೈ ಊರಿದಳು.

"ಸಮುದ್ರದ ಬಾಜೂಕ ಸಿಹಿನೀರು ಎಲ್ಲಿಂದ ಬರ್ತಾವ, ಹನುಮವ್ವ?" ನಾನು ನಕ್ಕೆ.

"ಉಪ್ಪುನೀರು ಕುಡದು ಈ ಗಿಡ ಇಷ್ಟು ಹಸರಾಗಿ ಇರ್ತಾವೇನ್ರೀ?"

ಮೊಳದಾಳ ತೋಡುವಷ್ಟರಲ್ಲಿ ನೀರು ಜಿನುಗಿತು. ಸಿಹಿನೀರೇ! ಆದರೆ ಗುಂಡಿ ತುಂಬುವುದು ನಿಧಾನ. ಮಕ್ಕಳು ಆಡಿ ಬರುವುದು, ಕುಡಿಯುವುದು, ಮತ್ತೆ ಓಡುವುದು. ಆಕೆ ಮೊಗೆಯುತ್ತಲೇ ಇದ್ದಳು. ಸಂಜೆ ಡ್ರೈವರ್ ಹಾರ್ನ್ ಹೊಡೆದ. "ಲಗೂ ಹತ್ತು, ಹನುಮವ್ವ," ಎಂದು ಗದರಿದವಳು ನಾನೇ. ಆಕೆ ಒಮ್ಮೆ ಸಮುದ್ರದ ಕಡೆ ನೋಡಿ ಬಸ್ಸು ಹತ್ತಿದಳು.

ನನಗೆ ಲಿಂಗಸುಗೂರಿಗೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ, ಆಕೆ ಹಾಸಿಗೆ ಹಿಡಿದಿದ್ದಾಳೆಂದು ಕೇಳಿ ನೋಡಲು ಹೋದೆ. ಅದೂ ಇದೂ ಮಾತಾಡಿದ ಮೇಲೆ ಸಂಕೋಚದಿಂದ ಕೇಳಿದಳು: "ಅಕ್ಕೋರ, ಸಮುದ್ರದ ನೀರು ಕಾಲಿಗೆ ತಣ್ಣಗ ಇದ್ದವೇನ್ರೀ, ಬೆಚ್ಚಗ ಇದ್ದವೇನ್ರೀ?"

ಅಂದು ಎರಡು ತಾಸು ಆ ನೀರಲ್ಲಿ ನಿಂತಿದ್ದವಳು ನಾನು. "ಬೆಚ್ಚಗ ಇದ್ದವು," ಎಂದೆ. "ಹೌದಾ!" ಎಂದು ಹನುಮವ್ವ ಕಣ್ಣು ಮುಚ್ಚಿಕೊಂಡು ನಕ್ಕಳು.

ವಾರದೊಳಗೆ ತೀರಿಕೊಂಡಳು. ಅಂದು ಬಸ್ಸನ್ನು ಹತ್ತು ನಿಮಿಷ ನಿಲ್ಲಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?